ಮನೆಯೊಳಗೆ ಸಸಿ ಎಬ್ಬಿಸುವುದು: ಬೀಜ ತರುವ ಮೊದಲು ಬೆಳಕು ನೋಡಿಕೊಳ್ಳಿ

ಬೀಜ ಮೊಳೆಸುವುದು ಸುಲಭ. ನೀರು, ಒಂದಿಷ್ಟು ಬಿಸುಪು, ಉಸಿರಾಡಲು ಗಾಳಿ ಸಿಕ್ಕರೆ ಬೀಜ ತಾನಾಗಿಯೇ ಬಿರಿಯುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಮೊಳಕೆ ತಲೆ ಎತ್ತಿದ ದಿನದಿಂದ ಸುಮಾರು ಎರಡು ವಾರ ಸಸಿ ತೀರಾ ಸೂಕ್ಷ್ಮ. "ಹಾಕಿದ ಬೀಜ ಎಲ್ಲಾ ಹುಟ್ಟಿತು, ವಾರದಲ್ಲಿ ಉದ್ದುದ್ದ ಬೆಳೆದು ಮಲಗಿಬಿಟ್ಟಿತು" ಎಂದು ಬೇಜಾರು ಮಾಡಿಕೊಳ್ಳುವವರು ತುಂಬಾ ಜನ. ಅವರು ಬೀಜವನ್ನೋ ಮಣ್ಣನ್ನೋ ದೂರುತ್ತಾರೆ. ಹೆಚ್ಚಿನ ಸಲ ಬೆಳಕು ಸಾಲದೆ ಹೋಗಿರುತ್ತದೆ, ಇಲ್ಲವೇ ನೀರು ಜಾಸ್ತಿಯಾಗಿರುತ್ತದೆ.

ಇವೆರಡನ್ನೂ ಸರಿಮಾಡಿಕೊಂಡರೆ ಒಳಗೆ ಸಸಿ ಬೆಳೆಸುವಷ್ಟು ಖುಷಿಯ ಕೆಲಸ ಇನ್ನೊಂದಿಲ್ಲ. ಹೊರಗೆ ಕೊರೆಯುವ ಚಳಿ ಇರಲಿ, ಎಡೆಬಿಡದ ಮಳೆ ಇರಲಿ, ಸುಡುಬಿಸಿಲಿರಲಿ, ಒಳಗಿನ ಸಸಿಗೆ ಅದರ ಹಂಗಿಲ್ಲ. ಇರುವೆ ಬೀಜ ಹೊತ್ತೊಯ್ಯುವುದಿಲ್ಲ, ಬಸವನಹುಳು ಎಳೆ ಎಲೆ ಮೇಯುವುದಿಲ್ಲ. ನಾನು ಪ್ರತಿ ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು, ಲೆಟ್ಯೂಸ್, ಬೇಸಿಲ್, ಜೊತೆಗೆ ಕೆಲವು ಹೂವಿನ ಸಸಿಗಳನ್ನು ಓದುವ ಕೋಣೆಯ ಮೂಲೆಯಲ್ಲಿರುವ ಒಂದು ಕಬ್ಬಿಣದ ರ‍್ಯಾಕಿನಲ್ಲೇ ಎಬ್ಬಿಸುತ್ತೇನೆ. ಅಲ್ಲಿ ನಡೆಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೆಳಕು

ಕಿಟಕಿ ಪಕ್ಕ ಇಟ್ಟರೆ ಸಾಕಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಕೆಲವು ಕಿಟಕಿಗೆ ಸಾಕು, ಹೆಚ್ಚಿನವಕ್ಕೆ ಸಾಲದು. ನಮ್ಮ ಕಣ್ಣು ಮಂದ ಬೆಳಕಿಗೂ ಬೇಗ ಒಗ್ಗಿಕೊಳ್ಳುತ್ತದೆ. ಹಾಗಾಗಿ ಕೋಣೆ ನಮಗೆ ಬೆಳ್ಳಗೆ ಕಂಡರೂ ಗಿಡಕ್ಕೆ ಅದು ಅರೆಗತ್ತಲೆಯೇ ಇರಬಹುದು. ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದರೂ ಬೆಳಕು ಸರ್ರನೆ ಇಳಿಯುತ್ತದೆ. ಸಾಲದ್ದಕ್ಕೆ ಕಿಟಕಿಯ ಬೆಳಕು ಒಂದೇ ಕಡೆಯಿಂದ ಬರುತ್ತದೆ, ಸಸಿ ಆ ಕಡೆಗೇ ವಾಲುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಟ್ರೇ ಇಡಬೇಕೆಂದಿರುವ ಜಾಗದಲ್ಲಿ ನಡುಹಗಲಿನಲ್ಲಿ ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳು ಬೆರಳಾಗಿ ಕಪ್ಪು ನೆರಳು ಬಿದ್ದರೆ ಆ ಜಾಗ ಒಳ್ಳೆಯದು. ಅಂಚು ಕಲಸಿಹೋದ ಮಸುಕು ನೆರಳು ಬಿದ್ದರೆ ದೀಪ ಬೇಕೇ ಬೇಕು.

ದೀಪಕ್ಕೆ ದುಬಾರಿ ಸಾಮಾನೇ ಆಗಬೇಕೆಂದಿಲ್ಲ. ಮಾಮೂಲಿ ಬಿಳಿ ಎಲ್ಇಡಿ ಟ್ಯೂಬ್‌ಲೈಟಿನಲ್ಲೇ ಸಸಿ ಚೆನ್ನಾಗಿ ಬರುತ್ತದೆ. ಮುಖ್ಯವಾದದ್ದು ಅದನ್ನು ಎಷ್ಟು ಹತ್ತಿರ ಇಡುತ್ತೀರಿ ಎನ್ನುವುದು. ಮಾಮೂಲಿ ಟ್ಯೂಬಾದರೆ ಎಲೆಯ ತುದಿಯಿಂದ 5ರಿಂದ 10 ಸೆಂಟಿಮೀಟರ್ ಮೇಲಿರಲಿ. ಗಿಡಕ್ಕೆಂದೇ ಬರುವ ಶಕ್ತಿಶಾಲಿ ದೀಪವಾದರೆ 30 ಸೆಂಟಿಮೀಟರಿನಿಂದ ಶುರುಮಾಡಿ, ಎಲೆ ಬಿಳಿಚಿಕೊಂಡರೆ ಇನ್ನೂ ಮೇಲಕ್ಕೆ ಎತ್ತಿ. ಚಾವಣಿಯಲ್ಲಿ ಉರಿಯುವ ಕೋಣೆಯ ದೀಪ ಸಸಿಗೆ ಏನೇನೂ ಸಾಲದು.

ನನ್ನ ರ‍್ಯಾಕಿನಲ್ಲಿ ಅಂಕಣಕ್ಕೆ ಎರಡು ಟ್ಯೂಬು, ಸರಪಳಿಯಲ್ಲಿ ತೂಗುಬಿಟ್ಟಿದ್ದೇನೆ. ಸಸಿ ಎತ್ತರವಾದ ಹಾಗೆ ಸರಪಳಿಯನ್ನು ಒಂದೊಂದು ಕೊಂಡಿ ಮೇಲಕ್ಕೆ ಸಿಕ್ಕಿಸಿದರೆ ಆಯಿತು. ಬದಿಗೆ ಬಿಳಿ ರಟ್ಟು ನಿಲ್ಲಿಸಿದ್ದೇನೆ, ಚೆಲ್ಲಿಹೋಗುವ ಬೆಳಕು ಅದರಿಂದ ಮತ್ತೆ ಗಿಡಕ್ಕೇ ಬರುತ್ತದೆ. ದಿನಕ್ಕೆ 14ರಿಂದ 16 ಗಂಟೆ ಉರಿಸಿ, ಉಳಿದ ಹೊತ್ತು ಕತ್ತಲೆ ಇರಲಿ. ದೀಪ ಹಾಕಿ ಆರಿಸಲು ಒಂದು ಟೈಮರ್ ಪ್ಲಗ್ ಇಟ್ಟುಕೊಳ್ಳಿ. ಇಡೀ ಸಾಮಾನಿನಲ್ಲಿ ಅತಿ ಉಪಯೋಗಕ್ಕೆ ಬರುವ ವಸ್ತು ಅದೇ.

ಯಾವ ಬೀಜ ಒಳಗೆ, ಯಾವುದು ನೇರ ಮಣ್ಣಿಗೆ

ಕ್ಯಾರೆಟ್, ಮೂಲಂಗಿಯಂಥ ಗೆಡ್ಡೆಗಳನ್ನು ಒಳಗೆ ಹಾಕಬೇಡಿ. ಅವುಗಳ ತಾಯಿಬೇರು ಒಮ್ಮೆ ಬಾಗಿದರೆ ಗೆಡ್ಡೆಯೂ ಸೊಟ್ಟಗಾಗುತ್ತದೆ. ಹುರುಳಿಕಾಯಿ, ಬಟಾಣಿ, ಜೋಳ ನೇರವಾಗಿ ಹಾಕಿದರೇ ಚೆನ್ನ. ಸೌತೆ, ಕುಂಬಳದ ಜಾತಿಯನ್ನು ಒಳಗೆ ಹಾಕಬಹುದು. ಆದರೆ ಒಂದೊಂದನ್ನೂ ಬೇರೆ ಬೇರೆ ಕಪ್ಪಿನಲ್ಲಿ ಹಾಕಿ, ಮೂರು ನಾಲ್ಕು ವಾರದೊಳಗೆ ಬೇರು ಅಲುಗದ ಹಾಗೆ ನಾಟಿ ಮಾಡಬೇಕು.

ನಾಟಿ ಮಾಡುವ ದಿನವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಮೆಣಸಿನಕಾಯಿ, ಬದನೆಗೆ 8ರಿಂದ 10 ವಾರ. ಟೊಮೆಟೊಗೆ 6ರಿಂದ 8. ಎಲೆಕೋಸು, ಹೂಕೋಸಿಗೆ 4ರಿಂದ 6. ಲೆಟ್ಯೂಸಿಗೆ ನಾಲ್ಕು ವಾರ ಸಾಕು. ಉತ್ಸಾಹದಲ್ಲಿ ಬೇಗ ಹಾಕಿಬಿಡುವುದೇ ಜಾಸ್ತಿ. ಬೇಗ ಹಾಕಿದ ಸಸಿ ಸಣ್ಣ ಕಪ್ಪಿನಲ್ಲಿ ಬೇರು ಸುತ್ತಿಕೊಂಡು ಬಡಕಲಾಗುತ್ತದೆ. ಎರಡು ವಾರ ತಡವಾಗಿ ಹಾಕಿದ ಗಟ್ಟಿ ಸಸಿ ನೆಲಕ್ಕೆ ಹೋದ ಮೇಲೆ ಅದನ್ನು ಹಿಂದೆ ಹಾಕುತ್ತದೆ. ಅನುಮಾನವಿದ್ದರೆ ತಡಮಾಡಿ.

ಹಳೇ ಬೀಜ ಮನೆಯಲ್ಲಿದ್ದರೆ ಸುಮ್ನೆ ಬಿಸಾಡಬೇಡಿ, ಸುಮ್ನೆ ನಂಬಲೂ ಬೇಡಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ. ಟೊಮೆಟೊ, ಬದನೆ, ಕೋಸಿನದು ಒಣಗಿದ ತಂಪು ಜಾಗದಲ್ಲಿಟ್ಟರೆ ನಾಲ್ಕು ವರ್ಷ ಬಾಳುತ್ತದೆ. ಸೌತೆಯದು ಐದು ವರ್ಷವೂ ಬಂದೀತು. ಹತ್ತು ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಬೆಚ್ಚಗಿಡಿ. ಏಳೆಂಟು ಮೊಳೆತರೆ ಮಾಮೂಲಿಯಾಗಿ ಬಿತ್ತಿ. ನಾಲ್ಕೈದು ಮೊಳೆತರೆ ಎರಡರಷ್ಟು ಹಾಕಿ. ಒಂದೋ ಎರಡೋ ಬಂದರೆ ಹೊಸ ಬೀಜ ತನ್ನಿ.

ಮಣ್ಣಲ್ಲ, ಮಿಶ್ರಣ

ತೋಟದ ಮಣ್ಣನ್ನು ಟ್ರೇಗೆ ತುಂಬಬೇಡಿ. ನೆಲದಲ್ಲಿ ಹದವಾಗಿರುವ ಮಣ್ಣು ಸಣ್ಣ ಗುಣಿಯೊಳಗೆ ಬಿದ್ದರೆ ಅಂಟಿ ಗಟ್ಟಿಯಾಗುತ್ತದೆ, ಎಳೆಬೇರಿಗೆ ಗಾಳಿ ಸಿಗುವುದಿಲ್ಲ. ಜೊತೆಗೆ ಸಸಿ ಕೊಳೆಸುವ ಶಿಲೀಂಧ್ರವೂ ಅದರಲ್ಲಿರಬಹುದು. ನಾನು ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಹಳೇ ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸುತ್ತೇನೆ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿದ ಮೇಲೆ ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ, ಅದರಲ್ಲಿ ಉಪ್ಪಿನಂಶ ಇರುವುದುಂಟು. ಗೊಬ್ಬರ ಜಾಸ್ತಿ ಬೇಡ. ಮೊದಲ ಕೆಲವು ದಿನದ ಆಹಾರ ಬೀಜದೊಳಗೇ ಇರುತ್ತದೆ.

ಮಿಶ್ರಣವನ್ನು ಟ್ರೇಗೆ ಹಾಕುವ ಮೊದಲೇ ಒದ್ದೆ ಮಾಡಿಕೊಳ್ಳಿ. ಒಣ ಕೋಕೋಪೀಟಿನ ಮೇಲೆ ನೀರು ಹೊಯ್ದರೆ ಮೇಲೆ ಒದ್ದೆ, ಒಳಗೆ ಪುಡಿಪುಡಿ. ಹದ ನೋಡಲು ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ಎರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಜಾಸ್ತಿಯಾಯಿತು, ಕೈ ಬಿಟ್ಟೊಡನೆ ಉದುರಿದರೆ ಕಡಿಮೆಯಾಯಿತು. ತುಂಬಿದ ಮೇಲೆ ಟ್ರೇಯನ್ನು ಒಮ್ಮೆ ಮೇಜಿಗೆ ಕುಟ್ಟಿ. ಬೆರಳಿನಿಂದ ಅದುಮಬೇಡಿ.

ಪಾತ್ರೆ ಯಾವುದಾದರೂ ಆದೀತು. 5 ಸೆಂಟಿಮೀಟರ್ ಆಳ ಇರಬೇಕು, ತಳದಲ್ಲಿ ತೂತಿರಬೇಕು. ಮೊಟ್ಟೆಯ ರಟ್ಟಿನ ತಟ್ಟೆಯಲ್ಲಿ ಬಿತ್ತುವುದು ಚೆಂದ ಕಾಣುತ್ತದೆ, ಆದರೆ ನನಗದು ಒಪ್ಪಿಗೆಯಿಲ್ಲ. ಆಳ ಸಾಲದು, ಬೇಗ ಒಣಗುತ್ತದೆ, ಬೂಸ್ಟು ಹಿಡಿಯುತ್ತದೆ. ಕಳೆದ ಸಲದ ಟ್ರೇ ಆದರೆ ಮಣ್ಣೆಲ್ಲ ತೊಳೆದು, ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಹಾಕಿ ಹತ್ತು ನಿಮಿಷ ಮುಳುಗಿಸಿಡಿ. ಆಮೇಲೆ ಒಳ್ಳೆ ನೀರಿನಲ್ಲಿ ತೊಳೆದು ಒಣಗಿಸಿ.

ಬಿತ್ತನೆ ಮತ್ತು ಬಿಸಿ

ಬೀಜದ ದಪ್ಪದ ಎರಡು ಮೂರರಷ್ಟು ಆಳ, ಅಷ್ಟೇ. ಟೊಮೆಟೊ, ಬದನೆ, ಮೆಣಸಿನ ಬೀಜಕ್ಕೆ ಅರ್ಧ ಸೆಂಟಿಮೀಟರ್ ಸಾಕು. ಪೆಟೂನಿಯಾದಂಥ ಧೂಳಿನಷ್ಟು ಸಣ್ಣ ಬೀಜವನ್ನು ಮುಚ್ಚಲೇಬೇಡಿ. ಒದ್ದೆ ಮಿಶ್ರಣದ ಮೇಲೆ ಉದುರಿಸಿ, ಚಪ್ಪಟೆ ಚಮಚದಿಂದ ಮೆಲ್ಲಗೆ ಒತ್ತಿ. ಲೆಟ್ಯೂಸಿಗೂ ಮೊಳೆಯಲು ಬೆಳಕು ಬೇಕು, ಅದನ್ನೂ ಮೇಲ್ಗಡೆಯೇ ಬಿಡಿ. ಗುಣಿಗೆ ಎರಡು ಬೀಜ ಹಾಕಿ. ಎರಡೂ ಬಂದರೆ ಬಡಕಲು ಸಸಿಯನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಹೆಸರು, ತಾರೀಖು ಆವತ್ತೇ ಬರೆದು ಚುಚ್ಚಿ, ಅದೂ ಸೀಸದ ಕಡ್ಡಿಯಲ್ಲಿ. ಪೆನ್ನಿನ ಶಾಯಿ ನೀರಿಗೆ, ಬೆಳಕಿಗೆ ಮಾಸಿಹೋಗುತ್ತದೆ. ನಾಲ್ಕು ಬಗೆಯ ಟೊಮೆಟೊ ಸಸಿಗಳು ಒಂದೇ ಥರ ಕಾಣುತ್ತವೆ, ಅಲ್ವಾ? ಟ್ರೇಯ ಮೇಲೆ ಪಾರದರ್ಶಕ ಮುಚ್ಚಳವನ್ನೋ ತೆಳು ಪ್ಲಾಸ್ಟಿಕ್ಕನ್ನೋ ಹೊದಿಸಿ.

ಇನ್ನು ಬಿಸಿ. ಬೀಜ ಎಷ್ಟು ದಿನಕ್ಕೆ ಬರುತ್ತದೆ ಎನ್ನುವುದು ಹೆಚ್ಚಾಗಿ ಇದರ ಮೇಲೆಯೇ ನಿಂತಿದೆ. ಟೊಮೆಟೊ ಬೀಜ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು ಆರು ದಿನಕ್ಕೆ ಮೇಲೆ ಬರುತ್ತದೆ. 20 ಡಿಗ್ರಿಗೆ ಎಂಟು ದಿನ. 15ಕ್ಕೆ ಎರಡು ವಾರ. 10 ಡಿಗ್ರಿಯಾದರೆ ತಿಂಗಳು ದಾಟಿಹೋಗುತ್ತದೆ. ಮೆಣಸಿನ ಬೀಜ 25 ಡಿಗ್ರಿಯಲ್ಲಿ ಎಂಟು ಒಂಬತ್ತು ದಿನ ತೆಗೆದುಕೊಂಡರೆ 15 ಡಿಗ್ರಿಯಲ್ಲಿ ಮೂರು ವಾರದ ಮೇಲಾಗುತ್ತದೆ. ಅಷ್ಟು ದಿನ ತಣ್ಣನೆ ಒದ್ದೆಯಲ್ಲಿ ಕೂತ ಬೀಜ ಕೊಳೆಯುವುದೇ ಹೆಚ್ಚು. ಇಲ್ಲಿ ಲೆಕ್ಕಕ್ಕೆ ಬರುವುದು ಮಿಶ್ರಣದ ಬಿಸಿ. ಒದ್ದೆ ಮಿಶ್ರಣ ಕೋಣೆಯ ಗಾಳಿಗಿಂತ ತುಸು ತಣ್ಣಗೇ ಇರುತ್ತದೆ. ಫ್ರಿಜ್ಜಿನ ತಲೆಯ ಮೇಲೆ ಬೆಚ್ಚಗಿದ್ದರೆ ಅಲ್ಲಿಡಿ. ಸಸಿಗೆಂದೇ ಸಿಗುವ ಬಿಸಿ ಮ್ಯಾಟ್ ಇದ್ದರೆ ಟ್ರೇಯ ಕೆಳಗೆ ಹಾಸಿ.

ಲೆಟ್ಯೂಸ್ ಮಾತ್ರ ಉಲ್ಟಾ. ಅದಕ್ಕೆ 15ರಿಂದ 20 ಡಿಗ್ರಿ ಸಾಕು. 30 ಡಿಗ್ರಿಯ ಹತ್ತಿರ ಹೋದರೆ ಬೀಜ ಮೊಳೆಯದೆ ಮಲಗಿಬಿಡುತ್ತದೆ. ಲ್ಯಾವೆಂಡರಿನಂಥ ಕೆಲವಕ್ಕೆ ಒದ್ದೆ ಕಾಗದದಲ್ಲಿ ಸುತ್ತಿ ಕೆಲವು ವಾರ ಫ್ರಿಜ್ಜಿನಲ್ಲಿಟ್ಟರೆ ಅನುಕೂಲ. ಮಾರ್ನಿಂಗ್ ಗ್ಲೋರಿಯಂಥ ಗಟ್ಟಿ ಸಿಪ್ಪೆಯ ಬೀಜವನ್ನು ಉಪ್ಪುಕಾಗದಕ್ಕೆ ಸ್ವಲ್ಪ ಉಜ್ಜಿ ಒಂದು ರಾತ್ರಿ ನೆನೆಸಿ.

ಮೊಳಕೆ ಕಂಡ ದಿನ

ಈ ದಿನ ತಪ್ಪಿಸಿಕೊಳ್ಳಬೇಡಿ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಟ್ರೇ ನೋಡಿ. ಟೊಮೆಟೊ ಮೊಳಕೆ ನೆಟ್ಟಗೆ ಎದ್ದು ಬರುವುದಿಲ್ಲ. ಮೊದಲು ಮಿಶ್ರಣದಲ್ಲಿ ಒಂದು ಸಣ್ಣ ಬಿರುಕು ಬಿಡುತ್ತದೆ. ಅದರೊಳಗಿಂದ ತಿಳಿ ಬಿಳಿಯ ಕಾಂಡ ಕೊಕ್ಕೆಯಂತೆ ಬಾಗಿ ಬೆನ್ನು ತೋರಿಸುತ್ತದೆ. ತಲೆ ಇನ್ನೂ ಒಳಗೇ ಇರುತ್ತದೆ. ಮಣ್ಣಿಗೆ ತಾಗಿ ಎಳೆ ಎಲೆ ಹರಿಯದಿರಲಿ ಎಂದು ಗಿಡ ಬೆನ್ನು ಕೊಟ್ಟು ದಾರಿ ಮಾಡಿಕೊಳ್ಳುತ್ತದೆ. ಬೆಳಕು ತಾಗಿದ ಮೇಲೆ ಕೊಕ್ಕೆ ಬಿಚ್ಚಿ, ತಲೆ ಮೇಲೆ ಬಂದು, ಎರಡು ಬೀಜದೆಲೆ ಅಗಲವಾಗುತ್ತವೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಮೊದಲ ಕೊಕ್ಕೆಗಳು ಕಂಡ ದಿನವೇ ಮುಚ್ಚಳ ತೆಗೆಯಿರಿ, ದೀಪ ಹತ್ತಿರಕ್ಕೆ ಇಳಿಸಿ. ಉಳಿದ ಬೀಜ ಬರಲಿ ಎಂದು ಕಾಯಬೇಡಿ. ಮಂದ ಬೆಳಕಿನಲ್ಲಿ ಕಳೆದ ಒಂದೇ ದಿನಕ್ಕೆ ಕಾಂಡ ದಾರದಂತೆ ಉದ್ದವಾಗುತ್ತದೆ, ಹಾಗೆ ಉದ್ದವಾದದ್ದು ಮತ್ತೆ ಗಿಡ್ಡವಾಗುವುದಿಲ್ಲ. ಬಿಸಿ ಮ್ಯಾಟನ್ನೂ ತೆಗೆಯಿರಿ. ಮೊಳೆಯಲು 25 ಡಿಗ್ರಿ ಬೇಕಿತ್ತು, ಬೆಳೆಯಲು 18ರಿಂದ 22 ಇದ್ದರೆ ಸಸಿ ಗಿಡ್ಡಗೆ, ದಪ್ಪಗೆ ಬರುತ್ತದೆ.

ಕೆಲವು ಸಸಿಗಳು ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದು ಬರುತ್ತವೆ. ಬೀಜ ಮೇಲ್ಮೇಲೆ ಬಿತ್ತಿದ್ದರೆ ಅಥವಾ ಮೇಲ್ಪದರ ಒಣಗಿದ್ದರೆ ಹೀಗಾಗುತ್ತದೆ. ಎಲೆಗಳು ಒಳಗೇ ಸಿಕ್ಕಿಕೊಂಡು ಬಿಚ್ಚಲಾಗದೆ ಒದ್ದಾಡುತ್ತವೆ. ಉಗುರು ಹಾಕಿ ಎಳೆದರೆ ತಲೆಯೇ ಕಿತ್ತು ಬರುತ್ತದೆ. ಬೆರಳ ತುದಿಯಿಂದ ಸಿಪ್ಪೆಯ ಮೇಲೆ ಒಂದು ಹನಿ ನೀರು ಇಡಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಹನಿ. ಸಿಪ್ಪೆ ಮೆತ್ತಗಾದ ಮೇಲೆ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ಸರಿಸಿದರೆ ಜಾರಿಕೊಂಡು ಬರುತ್ತದೆ. ಬರಲಿಲ್ಲವೇ, ಬಿಟ್ಟುಬಿಡಿ. ಸಂಜೆ ಮತ್ತೆ ನೋಡಿದರಾಯಿತು.

ನೀರು ಹಾಕುವ ಕೈಯನ್ನು ಹಿಡಿಯಬೇಕು

ಸಸಿ ಕೊಳೆ ರೋಗವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಹಿಂದಿನ ರಾತ್ರಿ ಹಸಿರಾಗಿ ನಿಂತಿದ್ದ ಸಸಿ ಬೆಳಗ್ಗೆ ಅಡ್ಡ ಬಿದ್ದಿರುತ್ತದೆ. ಎಲೆ ಇನ್ನೂ ಹಸಿರೇ, ಬಾಡಿರುವುದಿಲ್ಲ. ಮಣ್ಣಿಗೆ ಕಾಂಡ ಸೇರುವ ಕಡೆ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಮಾತ್ರ ಕಾಂಡ ನೀರು ನೀರಾಗಿ, ಕಂದು ಬಣ್ಣಕ್ಕೆ ತಿರುಗಿ, ಚಿವುಟಿದಷ್ಟು ಸಣ್ಣಗಾಗಿರುತ್ತದೆ. ಪಿಥಿಯಂ, ರೈಜೋಕ್ಟೋನಿಯಾ, ಫ್ಯುಸೇರಿಯಂ ಎಂಬ ಸೂಕ್ಷ್ಮಜೀವಿಗಳ ಕೆಲಸ ಇದು. ಬಿದ್ದ ಸಸಿಯನ್ನು ಉಳಿಸಲು ಆಗುವುದಿಲ್ಲ. ಅದನ್ನೂ ಸುತ್ತಲಿನ ಮಿಶ್ರಣವನ್ನೂ ತೆಗೆದು ಹೊರಗೆ ಹಾಕಿ, ಉಳಿದವಕ್ಕೆ ನೀರು ಕಡಿಮೆ ಮಾಡಿ, ಗಾಳಿ ಆಡುವಂತೆ ಮಾಡಿ.

ಈ ರೋಗ ಬಾರದಂತೆ ತಡೆಯುವುದು ನಮ್ಮ ಕೈಯಲ್ಲಿದೆ. ನೀರನ್ನು ಮೇಲಿನಿಂದ ಚಿಮುಕಿಸುವ ಬದಲು ಕೆಳಗಿನಿಂದ ಕೊಡಿ. ತೂತಿರುವ ಟ್ರೇಯನ್ನು ಎರಡು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ. ಮಿಶ್ರಣ ಬೇಕಾದಷ್ಟು ಹೀರಿಕೊಳ್ಳುತ್ತದೆ, ಮಿಕ್ಕ ನೀರು ಚೆಲ್ಲಿಬಿಡಿ. ಮತ್ತೆ ಯಾವಾಗ? ಟ್ರೇ ಎತ್ತಿ ನೋಡಿ. ನೀರು ಕುಡಿದ ಟ್ರೇ ಎಷ್ಟು ಭಾರ, ಒಣಗಿದ್ದು ಎಷ್ಟು ಹಗುರ ಎನ್ನುವುದು ಕೆಲವೇ ದಿನದಲ್ಲಿ ಕೈಗೆ ಗೊತ್ತಾಗಿಬಿಡುತ್ತದೆ. ಮೊಳೆತ ಮೇಲೆ ಮೇಲ್ಪದರ ಒಣಗಿ ಬಣ್ಣ ತಿಳಿಯಾದರೆ ಗಾಬರಿ ಬೇಡ. ಬೇರು ಕೆಳಗಿದೆ, ಅಲ್ಲಿ ಪಸೆ ಇರುತ್ತದೆ. ಪ್ರೀತಿಯಿಂದ ದಿನಾ ನೀರು ಹಾಕುವವರ ಮನೆಯಲ್ಲೇ ಸಸಿ ಜಾಸ್ತಿ ಸಾಯುವುದು. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರತೊಡಗಿದರೆ ಅದೂ ಒದ್ದೆ ಜಾಸ್ತಿಯಾದ ಗುರುತೇ.

ಸಣ್ಣ ಫ್ಯಾನನ್ನು ತೀರಾ ನಿಧಾನಕ್ಕೆ, ಎಲೆ ನವಿರಾಗಿ ಅಲುಗುವಷ್ಟು ಮಾತ್ರ ಓಡಿಸಿ. ಮೇಲ್ಪದರ ಒಣಗಿರುತ್ತದೆ, ಅಲುಗಾಟಕ್ಕೆ ಕಾಂಡವೂ ಗಟ್ಟಿಯಾಗುತ್ತದೆ. ಫ್ಯಾನ್ ಇಲ್ಲದಿದ್ದರೆ ದಿನಕ್ಕೆರಡು ಸಲ ಸಸಿಗಳ ತಲೆಯ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಿ. ಗಾಳಿಗೆ ಸಿಕ್ಕ ಗಿಡ ಗಿಡ್ಡಗೆ, ದಪ್ಪಗೆ ಬೆಳೆಯುವುದು ಇದೇ ಕಾರಣಕ್ಕೆ.

ದೊಡ್ಡ ಕಪ್ಪಿಗೆ

ಮೊದಲು ಬಿಚ್ಚಿಕೊಳ್ಳುವ ಎರಡು ಬೀಜದೆಲೆಗಳು ಲೆಕ್ಕಕ್ಕಿಲ್ಲ. ಅವುಗಳ ನಡುವಿನಿಂದ ಗಿಡದ ನಿಜವಾದ ಎಲೆ ಬರುತ್ತದೆ. ಟೊಮೆಟೊ ಆದರೆ ಅಂಚು ಕತ್ತರಿಸಿದಂತಿರುವ ಎಲೆ, ಮುಟ್ಟಿದರೆ ಕೈಗೆ ಅದರದೇ ವಾಸನೆ. ಅಂಥ ಎರಡು ಎಲೆ ಬಂದ ಮೇಲೆ ಒಂದೊಂದನ್ನೂ 8ರಿಂದ 10 ಸೆಂಟಿಮೀಟರಿನ ಕಪ್ಪಿಗೆ ಬದಲಿಸಿ. ಚಮಚದ ಹಿಡಿಯನ್ನು ಕೆಳಗಿನಿಂದ ಹಾಕಿ ಬೇರು ಸಮೇತ ಎತ್ತಿ. ಹಿಡಿಯುವುದಾದರೆ ಎಲೆಯನ್ನು ಹಿಡಿಯಿರಿ, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಿದರೆ ಸಸಿ ಹೋಯಿತು. ಟೊಮೆಟೊ ಸಸಿಯನ್ನು ಬೀಜದೆಲೆಯವರೆಗೂ ಹೂಳಬಹುದು, ಹೂಳಿದ ಕಾಂಡದಲ್ಲೂ ಬೇರು ಬರುತ್ತದೆ. ಲೆಟ್ಯೂಸಿನ ಸುಳಿಯನ್ನು ಮಾತ್ರ ಮುಚ್ಚಬೇಡಿ, ಕೊಳೆಯುತ್ತದೆ.

ಗೊಬ್ಬರ ಶುರುಮಾಡುವುದೂ ಈಗಲೇ. ದ್ರವ ಗೊಬ್ಬರವನ್ನು ಡಬ್ಬಿಯ ಮೇಲೆ ಹೇಳಿದ್ದರ ಅರ್ಧಕ್ಕಿಂತ ಜಾಸ್ತಿ ಗಾಢವಿಲ್ಲದಂತೆ ಕಲಸಿ ವಾರಕ್ಕೊಮ್ಮೆ ಕೊಡಿ. ಟೊಮೆಟೊ ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿದರೆ ಗೊಬ್ಬರ ಸುರಿಯುವ ಮೊದಲು ಬುಡ ತಣ್ಣಗಿದೆಯೇ ನೋಡಿ. ತಣ್ಣನೆ ಬೇರಿಗೆ ರಂಜಕ ಹೀರಲು ಆಗುವುದಿಲ್ಲ. ಬೆಚ್ಚಗೆ ಮಾಡಿದರೆ ಹೊಸ ಎಲೆ ಹಸಿರಾಗೇ ಬರುತ್ತದೆ.

ಬಿಸಿಲಿಗೆ ಒಗ್ಗಿಸುವುದು, ನಾಟಿ

ದೀಪದ ಕೆಳಗೆ ಬೆಳೆದ ಎಲೆ ನೇರ ಬಿಸಿಲನ್ನು ಕಂಡಿರುವುದಿಲ್ಲ. ಒಮ್ಮೆಗೇ ಹೊರಗಿಟ್ಟರೆ ಕೆಲವೇ ಗಂಟೆಯಲ್ಲಿ ಎಲೆ ಬಿಳಿಚಿ ಕಾಗದದಂತಾಗುತ್ತದೆ. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ಗಾಳಿ ಜೋರಿಲ್ಲದ ಕಡೆ. ದಿನಾ ಒಂದೆರಡು ಗಂಟೆ ಹೆಚ್ಚಿಸಿ. ಮೂರನೆಯದೋ ನಾಲ್ಕನೆಯದೋ ದಿನದಿಂದ ಬೆಳಗಿನ ಎಳೆಬಿಸಿಲು ಕೊಡಿ. ಏಳರಿಂದ ಹತ್ತು ದಿನದಲ್ಲಿ ಇಡೀ ದಿನದ ಬಿಸಿಲಿಗೆ ಒಗ್ಗುತ್ತದೆ. ಈ ದಿನಗಳಲ್ಲಿ ಕಪ್ಪುಗಳು ಒಳಗಿಗಿಂತ ಬೇಗ ಒಣಗುತ್ತವೆ, ನೀರಿನ ಮೇಲೆ ಕಣ್ಣಿರಲಿ. ರಾತ್ರಿ ತೀರಾ ಚಳಿಯಾದರೆ ಒಳಗೆ ತನ್ನಿ. ಬೇಸಿಲ್, ಬದನೆ, ಮೆಣಸಿನ ಸಸಿಗೆ 10 ಡಿಗ್ರಿಗಿಂತ ಕೆಳಗಿನ ಚಳಿ ಆಗುವುದೇ ಇಲ್ಲ.

ನಾಟಿಗೆ ಸಂಜೆಯ ಹೊತ್ತನ್ನೋ ಮೋಡದ ದಿನವನ್ನೋ ನೋಡಿಕೊಳ್ಳಿ. ಕಪ್ಪಿಗೆ ಒಂದು ಗಂಟೆ ಮೊದಲು ನೀರು ಕೊಟ್ಟರೆ ಬೇರಿನ ಗಡ್ಡೆ ಒಡೆಯದೆ ಈಚೆ ಬರುತ್ತದೆ. ಗುಣಿಗೆ ಮೊದಲೇ ನೀರು ಹಾಕಿ, ಸಸಿ ಇಟ್ಟು, ಮಣ್ಣು ಮುಚ್ಚಿ, ಮತ್ತೆ ಒಮ್ಮೆ ಚೆನ್ನಾಗಿ ನೀರು ಹಾಕಿ. ರಾತ್ರಿ ಬುಡ ಕತ್ತರಿಸುವ ಹುಳುವಿನ ಕಾಟವಿದ್ದರೆ ಕಾಂಡದ ಸುತ್ತ ರಟ್ಟಿನ ಕೊಳವೆಯನ್ನು ಎರಡು ಸೆಂಟಿಮೀಟರ್ ಮಣ್ಣಿನೊಳಗೆ ಇಳಿಯುವಂತೆ ಊರಿ. ಮೊದಲ ಕೆಲವು ಮಧ್ಯಾಹ್ನ ಎಲೆ ಸ್ವಲ್ಪ ಜೋತುಬಿದ್ದರೆ ಆತಂಕ ಬೇಡ. ಸಂಜೆಗೆ ನೆಟ್ಟಗಾದರೆ ಬೇರು ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಸಂಜೆಯಾದರೂ ಜೋತೇ ಇದ್ದರೆ ಬುಡಕ್ಕೆ ನೀರು ಕೊಟ್ಟು ಎರಡು ದಿನ ನೆರಳು ಕಟ್ಟಿ.